ಮಲ್ಲಕ್ಕನ ಟಿಕೆಟ್ಟು ರದ್ದು ಮಾಡಿಸು

ಚಿಕ್ಕಜಾಜೂರು
೧೨ ಜನವರಿ ೨೦೨೬, ಸೋಮವಾರ

ನಮ್ಮಕ್ಕನ ಮಗಳು, ವಿಶಾಖಪಟ್ಟಣದ ಸಮುದ್ರದಂಡೆಯ ಮಹಾರಾಣಿ ಪ್ರೀತಿಗೆ, ನಿನ್ನ ಸೋದರಮಾವ ಮೂಡಲಗಿರಿಯಪ್ಪ ಮನಸಾರೆ ಮಾಡುವ ಆಶೀರ್ವಾದ.

ಇತ್ತ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ನಿನ್ನ ಅತ್ತೆ ಕ್ಷೇಮ. ನಾನು ಅಷ್ಟಕ್ಕಷ್ಟೆ. ಫೋನ್ ಇರುವಾಗ ಮಾವ ಯಾಕೆ ಕಾಗದ ಬರೆದ ಎಂದು ನಗಬೇಡ. ನಾನು ಫೋನಿನಲ್ಲಿ ಗುಟ್ಟು ಹೇಳಿದರೆ ಸ್ಟೇಷನ್ನಿನ ಆಚೆ ಪ್ಲಾಟ್‌ಫಾರಂವರೆಗೂ ಕೇಳುತ್ತದೆ. ಅದೂ ಅಲ್ಲದೆ ಏಳನೇ ಕ್ಲಾಸಿನಲ್ಲಿ ದುಂಡಗಿನ ಅಕ್ಷರಕ್ಕೆ ಬಹುಮಾನ ತಗೊಂಡ ಕೈ ಇದು. ಸುಮ್ಮನೆ ಬಿಟ್ಟರೆ ತುಕ್ಕು ಹಿಡಿಯುತ್ತದೆ.

ಫೆಬ್ರವರಿಗೆ ಬನ್ನಿ ಮಾವ, ಬೆಂಗಳೂರಿನಿಂದ ವಿಮಾನ, ಇಲ್ಲಿ ಇಳಿದರೆ ಬಿಸಿಲು, ಕಣ್ಣು ಹಾಯಿಸಿದಷ್ಟೂ ಸಮುದ್ರ ಎಂದು ನೀನು ಹೇಳಿದ್ದೇ ಹೇಳಿದ್ದು, ನನ್ನ ತಯಾರಿ ಶುರುವಾಯಿತು. ಕಪ್ಪು ಕನ್ನಡಕ ತಗೊಂಡೆ. ಅಭ್ಯಾಸವಾಗಲಿ ಎಂದು ಹಾಕಿಕೊಂಡೇ ಹೊಲಕ್ಕೆ ಹೋದರೆ ನಮ್ಮ ಎತ್ತು ಗುರುತು ಸಿಗದೆ ಬುಸುಗುಟ್ಟಿತು. ತೆಲುಗಿನ ಚಿಂತೆ ನಿನಗೆ ಬೇಡ. ರಾಯದುರ್ಗದ ಕುರಿ ವ್ಯಾಪಾರಿಗಳನ್ನು ಅವರ ಭಾಷೆಯಲ್ಲೇ ಬೈದು ಬಂದವನು ನಾನು. ನಿನ್ನ ಸಮುದ್ರಕ್ಕೂ ಹೆದರುವವನಲ್ಲ. ಮಾರಿಕಣಿವೆಯ ಹಿನ್ನೀರಿನಲ್ಲಿ ಈಜಿದವನಿಗೆ ಅದೊಂದು ಲೆಕ್ಕವೇ?

ಸ್ಟೇಷನ್ ಎದುರು ಹೋಟೆಲ್ ಇಟ್ಟಿರುವ ಓಬಳೇಶಪ್ಪನಿಗೆ ಮಾತ್ರ ಹೊಟ್ಟೆಯುರಿ. ನಾಲ್ಕು ಜನರ ಎದುರು, "ಏನಪ್ಪ ಮೂಡಲಗಿರಿ, ಬಸ್ಸಿನಾಗೆ ಹೊಳಲ್ಕೆರೆ ದಾಟೋದ್ರೊಳಗೆ ವಾಂತಿ ಮಾಡ್ಕಂತೀಯ, ವಿಮಾನದಾಗೆ ಏನ್ ಗತಿ?" ಎಂದ. "ಆಕಾಶದಾಗೆ ತಿರುವು ಇರಲ್ಲ ಕಣಲೇ, ವಾಂತಿ ಬರದು ತಿರುವಿನಾಗೆ" ಎಂದು ಬಾಯಿ ಮುಚ್ಚಿಸಿದೆ. ಕಿಟಕಿ ಸೀಟಿನಲ್ಲಿ ಕೂತು ಮೇಲಿನಿಂದ ಅವನ ಹೋಟೆಲಿಗೆ ಟವೆಲ್ ಬೀಸುತ್ತೇನೆ ಎಂದೂ ಮಾತು ಕೊಟ್ಟಿದ್ದೇನೆ. ವಿಮಾನ ಈ ಕಡೆ ಬರುವುದಿಲ್ಲ ಎಂದು ನೀನು ಎಲ್ಲೂ ಬಾಯಿಬಿಡಬೇಡ, ಅವನಿಗೆ ಗೊತ್ತಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನೀನು ಮಾಡಿಸಿದ ಎರಡು ಟಿಕೆಟ್ಟಿನಲ್ಲಿ ಒಂದು ತಪ್ಪಾಗಿದೆ. ತಪ್ಪು ನಿನ್ನದಲ್ಲ. ನನ್ನದೂ ಅಲ್ಲ ಎಂದು ಇಟ್ಟುಕೋ.

ಹೋದ ವಾರ ನೀನು ಆಧಾರ್ ಕಾರ್ಡು ತೆಗೆದಿಟ್ಟುಕೊಳ್ಳಿ, ಟಿಕೆಟ್ಟಿನಲ್ಲಿರುವ ಹೆಸರೇ ಅದರಲ್ಲೂ ಇರಬೇಕು, ಇಲ್ಲದಿದ್ದರೆ ಒಳಗೇ ಬಿಡುವುದಿಲ್ಲ ಎಂದೆಯಲ್ಲ, ಆ ಮಾತನ್ನು ನಾನು ಜೋರಾಗಿ ನಿನ್ನ ಅತ್ತೆಗೆ ದಾಟಿಸಿದೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತದೆ ಕೇಳಿದಳು, "ಟಿಕೇಟು ಯಾರ ಹೆಸರಿನಾಗೆ ಮಾಡಿಸೀರಿ?"

"ಇನ್ಯಾರ ಹೆಸರು? ಮಲ್ಲಕ್ಕ ಅಂತ."

"ಹಂಗಾದ್ರೆ ಅವಳನ್ನೇ ಕರಕಂಡು ಹೋಗಿ ಬರ್ರಿ. ಆ ಹೆಸರಿನೋಳು ಸರ್ಕಾರದಾಗೆ ಇಲ್ಲ."

"ಮತ್ತೆ ನೀನ್ಯಾರೇ?"

"ಕೆಂಚಕ್ಕ" ಎಂದಳು, ಇನ್ನೊಂದು ಕಾಯಿ ಸುಲಿದಳು.

ನೀನು ಬೆಚ್ಚಿಬಿದ್ದಿರಬೇಕು. ಕೆಂಚಕ್ಕ ಎಂದರೆ ನಿನ್ನ ಅಜ್ಜಿ, ನಮ್ಮವ್ವ. ಆದರೆ ನಿನ್ನ ಅತ್ತೆಗೂ ಐಮಂಗಲದಲ್ಲಿ ಹುಟ್ಟಿದಾಗ ಇಟ್ಟ ಹೆಸರು ಅದೇ. ಮದುವೆಯಾಗಿ ಹೊಸ್ತಿಲ ಮೇಲೆ ನಿಂತವಳನ್ನು ನಮ್ಮವ್ವ ಒಳಗೆ ಕರೆಯುವ ಮೊದಲೇ, "ಒಂದು ಮನೇಲಿ ಇಬ್ರು ಕೆಂಚಕ್ಕ ಇರಂಗಿಲ್ಲ, ಇವತ್ತಿಂದ ನೀನು ಮಲ್ಲಕ್ಕ" ಎಂದುಬಿಟ್ಟಳು. ಅತ್ತೆ ಸೊಸೆಗೆ ಒಂದೇ ಹೆಸರಿದ್ದರೆ ಸೊಸೆಯದನ್ನು ಬದಲಾಯಿಸುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಇಲ್ಲದಿದ್ದರೆ ಸೊಸೆಯನ್ನು ಬೈಯಲು ಅತ್ತೆ ತನ್ನ ಹೆಸರನ್ನೇ ಹಿಡಿದು ಬೈಯಬೇಕಾಗುತ್ತದೆ. ನಮ್ಮವ್ವ ಬೈಗುಳದ ವಿಷಯದಲ್ಲಿ ಅಂಥ ಅಡ್ಡಿ ಇಟ್ಟುಕೊಂಡವಳಲ್ಲ. ನೀವು ಮಕ್ಕಳೆಲ್ಲ ಹುಟ್ಟುವ ಹೊತ್ತಿಗೆ ನಿನ್ನ ಅತ್ತೆ ಊರಿಗೆಲ್ಲ ಮಲ್ಲಕ್ಕನೇ ಆಗಿದ್ದಳು. ನಾನೂ ಮರೆತಿದ್ದೆ.

"ಕಾರ್ಡಿಗೆ ಹಳೇ ಹೆಸರು ಯಾಕೆ ಬರೆಸಿದೆ?" ಎಂದು ಗದರಿಸಿದೆ. ಅದಕ್ಕೆ ಅವಳು, "ಅವತ್ತು ಶಾಲೇಲಿ ಕಣ್ಣಿಗೆ ಯಂತ್ರ ಹಿಡಿದು ಹೆಸರೇನು ಅಂದ್ರು. ದೇವ್ರು ಕೇಳ್ದಂಗಾಯ್ತು ಕಣ್ರಿ. ಸುಳ್ಳು ಹೆಂಗೆ ಹೇಳ್ಲಿ?" ಎಂದಳು. ನಾನು ಅವತ್ತು ಗಂಡಸರ ಸಾಲಿನಲ್ಲಿ ನಿಂತು ಎಲ್ಲರಿಗೂ ಆಧಾರ್ ಎಂದರೇನು ಎಂದು ವಿವರಿಸುತ್ತಿದ್ದೆ.

ಸೋಲು ಒಪ್ಪುವ ವಂಶ ನಮ್ಮದಲ್ಲ. ಟಿಕೆಟ್ಟು ಬದಲಾಯಿಸುವುದಕ್ಕಿಂತ ಕಾರ್ಡು ಬದಲಾಯಿಸಿದರಾಯಿತು ಎಂದು ಶುಕ್ರವಾರ ಅವಳನ್ನು ಹೊಳಲ್ಕೆರೆಗೆ ಕರೆದುಕೊಂಡು ಹೋದೆ. ಆಧಾರ್ ಕೇಂದ್ರದ ಹುಡುಗಿ ಗಂಡನ ಹೆಸರು ಕೇಳಿದಾಗ ಇವಳು ಸೆರಗು ಬಾಯಿಗಿಟ್ಟು ನನ್ನ ಕಡೆ ಬೊಟ್ಟು ಮಾಡಿ, "ಅವರನ್ನೇ ಕೇಳವ್ವ" ಎಂದಳು. ಮದುವೆಯಾದಾಗಿನಿಂದ ನನ್ನ ಹೆಸರು ಅವಳ ಬಾಯಿಂದ ಒಂದು ಸಲವೂ ಬಿದ್ದಿಲ್ಲ, ಗಂಡನ ಆಯಸ್ಸು ಕಡಿಮೆಯಾಗುತ್ತದಂತೆ. ನಾನು ಎದೆ ಸೆಟೆಸಿ ನನ್ನ ಹೆಸರು ಹೇಳಿದೆ. ಆಮೇಲೆ ಹುಡುಗಿ, "ಏನು ಬದಲಾಯಿಸ್ಬೇಕಮ್ಮ?" ಎಂದು ಕೇಳಿದಳು.

"ಫೋಟೋ ಚೆನ್ನಾಗಿ ಬಂದಿಲ್ಲ, ಅದನ್ನ ಬೇರೆ ತೆಗಿಯವ್ವ. ಹೆಸರು ಹಂಗೇ ಇರ್ಲಿ" ಎಂದಳು ನಿನ್ನ ಅತ್ತೆ.

ನಾನು ಬಾಯಿ ತೆರೆಯುವಷ್ಟರಲ್ಲಿ ಹೂ ಸರಿಮಾಡಿಕೊಂಡು ಕ್ಯಾಮೆರಾ ಎದುರು ಕೂತಾಗಿತ್ತು.

ಬಸ್ಸಿನಲ್ಲಿ ಬರುವಾಗ ಅವಳನ್ನು ಗದರಿಸಬೇಕೆಂದಿದ್ದೆ. ತಿರುವುಗಳ ದೆಸೆಯಿಂದ ಆಗಲಿಲ್ಲ. ಅವಳೇ ಹೇಳಿದಳು: "ಸಮುದ್ರ ನೋಡ್ಬೇಕು ಅಂತ ನಂಗೂ ಆಸೆ ಐತೆ. ನನ್ನ ಹೆಸರಿನಾಗೆ ಟಿಕೇಟು ಆದ್ರೆ ಬರ್ತೀನಿ. ಇಲ್ಲಾಂದ್ರೆ ನೀವೂ ಮಲ್ಲಕ್ಕನೂ ಹೋಗ್ರಿ, ನಾನು ಮನೆ ನೋಡ್ಕಂತೀನಿ." ಆಮೇಲೆ, "ಅಪ್ಪ ಅವ್ವ ಹೋದ್ಮೇಲೆ ಐಮಂಗಲದಾಗೂ ಹಂಗೆ ಕರಿಯೋರು ಯಾರೂ ಉಳಿದಿಲ್ಲ" ಎಂದು ಕಿಟಕಿಯ ಕಡೆ ತಿರುಗಿದಳು. ಅವಳು ಅಳುವವಳಲ್ಲ, ನಿನಗೆ ಗೊತ್ತು. ಗಾಳಿಗೆ ಕಣ್ಣಲ್ಲಿ ನೀರು ಬಂದಿರಬೇಕು. ಅದೇ ಗಾಳಿ ನನ್ನ ಕಣ್ಣಿಗೂ ಹೊಡೆಯಿತು.

ಆದ್ದರಿಂದ ಮಗಳೇ, ದೊಡ್ಡ ಮನಸ್ಸು ಮಾಡಿ ನಾನು ತೀರ್ಮಾನ ಕೊಟ್ಟಿದ್ದೇನೆ. ಮಲ್ಲಕ್ಕನ ಟಿಕೆಟ್ಟು ರದ್ದು ಮಾಡಿಸು. ಕೆಂಚಕ್ಕ ಎಂದು ಹೊಸದು ಮಾಡಿಸು. ಅದೇ ವಿಮಾನದಲ್ಲಿ, ನನ್ನ ಪಕ್ಕದಲ್ಲೇ ಇರಲಿ. ಜಾಗ ಇಲ್ಲ ಎಂದರೆ ಇಬ್ಬರದನ್ನೂ ಬೇರೆ ದಿನಕ್ಕೆ ಹಾಕು. ಒಬ್ಬನೇ ಬಂದು ಸಮುದ್ರ ನೋಡಿದರೆ ನಾನು ಹೇಳುವ ಸುಳ್ಳಿಗೆ ಸಾಕ್ಷಿ ಯಾರಿರುತ್ತಾರೆ?

ಆದರೆ ಒಂದು ಮಾತು. ಇದು ಟಿಕೆಟ್ಟಿನ ಮಟ್ಟಿಗೆ ಮಾತ್ರ. ಬಾಯಲ್ಲಿ ನಾನು ಹಾಗೆ ಕರೆಯುವುದಿಲ್ಲ ಎಂದು ಅವಳಿಗೂ ಖಡಾಖಂಡಿತ ಹೇಳಿದ್ದೇನೆ. ಗೋಡೆಯ ಮೇಲೆ ನಮ್ಮವ್ವನ ಫೋಟೋ ಇದೆ. ಆ ಹೆಸರು ಕಿವಿಗೆ ಬಿದ್ದರೆ ಇವತ್ತಿಗೂ ನನ್ನ ಕೈ ತಾನೇ ಬೀಡಿ ಬಚ್ಚಿಡುತ್ತದೆ. ಹೆಂಡತಿಯನ್ನು ಕರೆಯುವಾಗೆಲ್ಲ ಬೀಡಿ ಬಚ್ಚಿಡುತ್ತಾ ಕೂತರೆ ಸಂಸಾರ ನಡೆಯುತ್ತದೆಯೇ? ವಿಮಾನ ನಿಲ್ದಾಣದಲ್ಲಿ ಯಾರಾದರೂ ಜೋರಾಗಿ ಕೆಂಚಕ್ಕ ಎಂದು ಕೂಗಿದರೆ ನಾನು ಎದ್ದು ನೆಟ್ಟಗೆ ನಿಲ್ಲಬಹುದು. ನೀನೂ ನಿನ್ನ ಗಂಡನೂ ನಗಬಾರದು.

ಕಿಟಕಿ ಸೀಟು ನನ್ನದೇ, ಅದರಲ್ಲಿ ರಾಜಿ ಇಲ್ಲ.

ಇಂತಿ ನಿನ್ನ,
ಇನ್ನೂ ಹಾರದಿದ್ದರೂ ಹಾರಾಟಕ್ಕೆ ಕಡಿಮೆಯಿಲ್ಲದ ಮಾವ,
ಮೂಡಲಗಿರಿಯಪ್ಪ

ಮರೆತ ಮಾತು: ಕಾಗದ ಮಡಿಸುವಾಗ ಅಂಟು ಸಿಗಲಿಲ್ಲ. ನಿನ್ನ ಅತ್ತೆ ಹಿತ್ತಲಲ್ಲಿದ್ದಳು. ನಮ್ಮವ್ವನ ಫೋಟೋಗೆ ಬೆನ್ನು ಮಾಡಿ ನಿಂತು, ಗಂಟಲು ಸರಿಮಾಡಿಕೊಂಡು, ಒಂದೇ ಒಂದು ಸಲ "ಕೆಂಚಕ್ಕಾ" ಎಂದು ಕೂಗಿದೆ. ಹಿತ್ತಲಲ್ಲಿ ಕೊಡ ಇಟ್ಟ ಸದ್ದಾಯಿತು. ಆಮೇಲೆ ಏನೂ ಇಲ್ಲ. ಕೇಳಿಸಲಿಲ್ಲವೇನೋ ಎಂದುಕೊಂಡೆ. ಅಷ್ಟರಲ್ಲಿ ಅಲ್ಲಿಂದಲೇ ಉತ್ತರ ಬಂತು: "ಬಂದೆ ತಡೀರಿ, ಮೂಡಲಗಿರಿಯಪ್ಪ."

ಆಯಸ್ಸು ಎಷ್ಟು ಕಡಿಮೆಯಾಯಿತೋ ಗೊತ್ತಿಲ್ಲ. ಕಿಟಕಿ ಸೀಟು ಅವಳಿಗೇ ಹಾಕಿಸು. ಓಬಳೇಶಪ್ಪನಿಗೆ ಟವೆಲ್ ಅವಳೇ ಬೀಸುತ್ತಾಳೆ.