ಗುಂಡಿ ಡಬ್ಬಿ

ಲಾಂಡ್ರಿಯ ಹಿಂಬದಿ ಕೋಣೆ,
ಹನ್ನೊಂದನೇ ತಾರೀಖು, ಗುರುವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

‘ಪ್ರೀತಿಯ’ ಎಂದು ಬರೆಯುವಾಗ ಪೆನ್ನು ಸ್ವಲ್ಪ ತಡೆಯಿತು, ಸುಳ್ಳೇಕೆ ಹೇಳಲಿ. ಆದರೂ ಬರೆದಿದ್ದೇನೆ, ಹೊಡೆದುಹಾಕಿಲ್ಲ. ನೀನು ಹೇಗಿದ್ದೀಯ? ಸೊಂಟದ ನೋವು ಹೋಯಿತೇ, ಇಲ್ಲ ಲಿಫ್ಟಿನ ತಳದ ಹಳ್ಳದೊಳಗೆ ಬಗ್ಗಿ ಬಗ್ಗಿ ಇನ್ನೂ ಹೆಚ್ಚಾಗಿದೆಯೇ? ಲಿಫ್ಟ್ ರಿಪೇರಿ ಮಾಡುವವನ ಹಣೆಯಲ್ಲಿ ಮೆಟ್ಟಿಲು ಹತ್ತುವುದೇ ಬರೆದಿದೆ ಎಂದು ನೀನು ನಗುತ್ತಿದ್ದೆ, ನೆನಪಾಯಿತು. ಹೊತ್ತಿಗೆ ಸರಿಯಾಗಿ ಊಟ ಮಾಡು. ಗ್ರೀಸ್ ಕೈಯಲ್ಲೇ ತಿನ್ನಬೇಡ. ನಾನು ಚೆನ್ನಾಗಿದ್ದೇನೆ, ಹೇಸಿಗೆಯೊಂದು ಬಿಟ್ಟರೆ. ನಿನ್ನೆಯಿಂದ ಯಾರ ಮುಖ ನೋಡಿದರೂ ಥೂ ಎನ್ನಿಸುತ್ತಿದೆ, ಕನ್ನಡಿಯಲ್ಲಿ ಕಾಣುವವಳದ್ದೂ ಸೇರಿ. ಫೋನಿನಲ್ಲೇ ಹೇಳಬಹುದಿತ್ತು. ಹನ್ನೊಂದು ಸಲ ಮಾಡಿದೆ, ನೀನು ಎತ್ತಲಿಲ್ಲ. ನಿಮ್ಮೂರಿನ ಬಸ್ಸಿನ ಕಂಡಕ್ಟರ್ ನಮ್ಮಲ್ಲೇ ಯೂನಿಫಾರ್ಮ್ ಒಗೆಯಲು ಹಾಕುತ್ತಾರೆ, ಅವರ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಪೂರ್ತಿ ಓದು, ಅರ್ಧಕ್ಕೇ ಮಡಿಸಿಡಬೇಡ.

ಅಣ್ಣನ ಸುದ್ದಿಗೆ ಬರುತ್ತೇನೆ. ಕಳೆದ ವರ್ಷ ನಿನ್ನ ರಕ್ತದಿಂದ ಕಣಗಳನ್ನು ತೆಗೆದು ಅವನಿಗೆ ಹಾಕಿದ ಮೇಲೆ ಎಂಟು ತಿಂಗಳು ಎಲ್ಲ ಸರಿಯಾಗಿತ್ತು. ಮತ್ತೆ ಇಸ್ತ್ರಿ ಮೇಜಿನ ಮುಂದೆ ನಿಂತಿದ್ದ. ಅವನು ಇಸ್ತ್ರಿ ಮಾಡಿದ ಕಾಲರ್ ಕೈಬೆರಳು ಕೊಯ್ಯುವಷ್ಟು ಚೂಪಾಗಿರುತ್ತಿತ್ತು, ಗಿರಾಕಿಗಳೆಲ್ಲ ಅವನು ತಿರುಗಿ ಬಂದ ಎಂದು ಖುಷಿಪಟ್ಟಿದ್ದರು. ಆಮೇಲೆ ಆ ಹಾಳು ರಕ್ತದ ಕ್ಯಾನ್ಸರ್ ತಿರುಗಿ ಬಂತು. ಹಳೆಯ ಔಷಧಿಗೆ ಅದು ಇನ್ನು ಬಗ್ಗುವುದಿಲ್ಲ, ಈಗ ಎರಡು ಔಷಧಿಗಳನ್ನು ಜೊತೆಯಲ್ಲೇ ಕೊಡಬೇಕು ಎಂದರು ಡಾಕ್ಟರಮ್ಮ. ತಿಂಗಳಿಗೆ ಏಳು ದಿನ ಹೊಟ್ಟೆಯ ಚರ್ಮಕ್ಕೆ ಇಂಜೆಕ್ಷನ್, ದಿನವೂ ಊಟವಾದ ಮೇಲೆ ಮಾತ್ರೆ. ಬರೀ ಇಂಜೆಕ್ಷನ್ ಕೊಟ್ಟರೆ ಅಷ್ಟಕ್ಕಷ್ಟೆ, ಎರಡೂ ಸೇರಿದರೇ ಹಿಡಿತ ಅಂತೆ. ನನಗೆ ತಕ್ಷಣ ಅರ್ಥವಾಯಿತು. ಹಟಮಾರಿ ಕಲೆಯನ್ನು ನಾವು ಒಂದರಲ್ಲಿ ನೆನೆಸಿ ಸಡಿಲ ಮಾಡಿಕೊಂಡು ಇನ್ನೊಂದರಲ್ಲಿ ಎಬ್ಬಿಸುತ್ತೇವಲ್ಲ, ಹಾಗೆ. ರೋಗ ತಗ್ಗಿದರೆ, ಅದು ಮತ್ತೆ ತಲೆಯೆತ್ತದಂತೆ ತಮ್ಮನಿಂದ ಇನ್ನೊಂದಿಷ್ಟು ಬಿಳಿ ರಕ್ತಕಣ ಬೇಕಾಗಬಹುದು ಎಂದೂ ಹೇಳಿದರು.

ಅದಕ್ಕೇ ನಿನಗೆ ಆ ದಿನ ಫೋನ್ ಮಾಡಿದ್ದು. ನನ್ನ ಕೈತುಂಬ ನೊರೆ ಇತ್ತು. ಫೋನನ್ನು ಮೆಷಿನ್ ಮೇಲಿಟ್ಟು ಸ್ಪೀಕರ್ ಹಾಕಿದ್ದೆ. ‘ನಾನೇನು ನಿಮ್ಮನೆ ನಲ್ಲೀನಾ ಅಕ್ಕ, ತಿರುಗಿಸಿದಾಗೆಲ್ಲ ಬರೋಕೆ? ಒಂದ್ಸಲ ಕೊಟ್ಟಾಯ್ತು. ಇನ್ನು ನನ್ನ ಕೇಳ್ಬೇಡಿ’ ಎಂದೆ ನೀನು. ಅಣ್ಣ ಎರಡು ಮಾರು ದೂರದಲ್ಲಿ ಇಸ್ತ್ರಿ ಮಾಡುತ್ತಿದ್ದ. ಎಲ್ಲವೂ ಅವನಿಗೆ ಕೇಳಿಸಿತ್ತು. ಹಿಡಿದ ಷರ್ಟನ್ನು ಮುಗಿಸಿದ, ತೋಳು ಮಡಿಸಿದ, ಚೀಟಿ ಸಿಕ್ಕಿಸಿದ. ನಾನು ನಿನಗೆ ಬಾಯಿಗೆ ಬಂದಂತೆ ಬೈದು ಫೋನ್ ಇಟ್ಟೆ. ನಿನ್ನ ಸಿಟ್ಟಿಗೂ ಕಾರಣ ಇತ್ತು ಎಂದು ಈಗ ಒಪ್ಪುತ್ತೇನೆ. ಕಳೆದ ವರ್ಷ ಕಣ ಕೊಡುವ ಮುಂಚೆ ಐದು ದಿನ ಇಂಜೆಕ್ಷನ್ ಚುಚ್ಚಿಸಿಕೊಂಡು, ಮೂಳೆ ಮೂಳೆಯೂ ನೋಯುತ್ತಿದೆ ಎಂದು ಮಗ್ಗುಲಾಗಿ ಬಿದ್ದಿದ್ದವನನ್ನು ಹೇಗಿದ್ದೀಯ ಎಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ಎಲ್ಲರೂ ಅಣ್ಣನ ಮಂಚದ ಸುತ್ತ ಇದ್ದೆವು. ಅದನ್ನು ನೆನೆದರೆ ನನ್ನ ಮೇಲೇ ನನಗೆ ಅಸಹ್ಯ.

ಔಷಧಿ ಶುರುವಾಯಿತು. ಅಯ್ಯೋ, ಆ ಆಸ್ಪತ್ರೆಯ ಹಾಸಿಗೆ ಬಟ್ಟೆಗಳನ್ನು ನೀನು ನೋಡಬೇಕು! ಕಲೆ ಒಳಗೆ ಬರುವಂತೆ ಮಡಿಸಿ, ಮೇಲೆ ನೀಟಾಗಿ ಕಾಣಿಸುವ ಕಳ್ಳಾಟ. ಬಿಡಿಸಿದರೆ ಯಾರದ್ದೋ ವಾಂತಿ, ಯಾರದ್ದೋ ರಕ್ತ, ಕಂದುಬಣ್ಣಕ್ಕೆ ತಿರುಗಿದ ಭೂಪಟ. ಇಪ್ಪತ್ತೆರಡು ವರ್ಷದಿಂದ ಪರರ ಕೊಳೆ ತಿಕ್ಕುತ್ತಿರುವ ನನಗೇ ಓಕರಿಕೆ ಬಂತು. ಮೊದಲ ನಾಲ್ಕು ದಿನ ಅಣ್ಣನನ್ನು ಅಲ್ಲೇ ಇಟ್ಟುಕೊಂಡರು, ನರ್ಸಮ್ಮನ ಎದುರಿಗೇ ಮಾತ್ರೆ ನುಂಗಿದ. ಆಮೇಲೆ ಮನೆ. ಬಂದವರೆಲ್ಲ ಒಂದೊಂದು ಉಪದೇಶ. ಪಕ್ಕದ ಅಂಗಡಿ ಟೈಲರ್, ಮನಸ್ಸು ಗಟ್ಟಿ ಮಾಡ್ಕೊಂಡ್ರೆ ಎಲ್ಲ ವಾಸಿಯಾಗುತ್ತೆ ಎಂದು ಅಣ್ಣನ ಮೂಗಿನ ಹತ್ತಿರವೇ ನಿಂತು ಕೆಮ್ಮಿ ಹೋದ. ನಾನು ದಿನಾ ಎರಡೂವರೆಗೆ ಊಟ ಬಡಿಸಿ, ಮಾತ್ರೆ ಅಂಗೈಗೆ ಹಾಕಿ, ನೀರು ಕೊಡುತ್ತಿದ್ದೆ. ಅಷ್ಟರಲ್ಲಿ ಮುಂದಿನ ಬಾಗಿಲ ಗಂಟೆ ಹೊಡೆಯುತ್ತಿತ್ತು. ‘ಹೋಗು, ಗಿರಾಕಿ ಬಂದಿದ್ದಾರೆ’ ಎನ್ನುತ್ತಿದ್ದ. ನಾನು ಪೆದ್ದಿ, ಓಡುತ್ತಿದ್ದೆ.

ಮೊನ್ನೆ ಸೋಮವಾರ ಮೂಳೆಮಜ್ಜೆಯ ರಿಪೋರ್ಟ್ ಬಂತು. ರೋಗ ಎಳ್ಳಷ್ಟೂ ಇಳಿದಿಲ್ಲ. ಈ ಜೋಡಿಯೂ ಹಿಡಿಯುತ್ತಿಲ್ಲ, ಇನ್ನು ಸುಮ್ಮನೆ ಹಿಂಸೆ ಕೊಡುವುದು ಬೇಡ, ನೋವಾಗದಂತೆ ನೋಡಿಕೊಳ್ಳೋಣ ಎಂದರು ಡಾಕ್ಟರಮ್ಮ, ಕನ್ನಡಕ ತೆಗೆದು ಒರೆಸಿಕೊಳ್ಳುತ್ತ. ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತೆ. ಅಣ್ಣ ನನ್ನ ಬೆನ್ನು ತಟ್ಟಿ ಸಮಾಧಾನ ಮಾಡಿದ. ಕೇಳಿಸಿಕೊಂಡೆಯಾ, ಅವನು ನನಗೆ ಸಮಾಧಾನ ಮಾಡಿದ!

ನಿನ್ನೆ ಅವನಿಗೆ ಜ್ವರ. ಈ ತಿಂಗಳೆಲ್ಲ ‘ವಾಂತಿ ವಾಸನೆ ನಿನಗ್ಯಾಕೆ, ನನ್ನ ಬಟ್ಟೆ ನಾನೇ ಒಗೀತೀನಿ’ ಎನ್ನುತ್ತಿದ್ದವನು ನಿನ್ನೆ ಏಳಲಾಗದೆ ಮಲಗಿದ್ದ. ಅವನ ಬಟ್ಟೆಯ ರಾಶಿ ನನ್ನ ಕೈಗೆ ಬಂತು. ಜೇಬು ತಡಕದೆ ನಾನು ಯಾವ ಬಟ್ಟೆಯನ್ನೂ ನೀರಿಗಿಳಿಸುವುದಿಲ್ಲ, ನಿನಗೆ ಗೊತ್ತು. ಮೂಗು ಒರೆಸಿದ ಕಾಗದ, ಅಗಿದ ಚೂಯಿಂಗ್ ಗಮ್, ಒಮ್ಮೆ ಕಟ್ಟಿಸಿದ ಹಲ್ಲಿನ ಸೆಟ್ಟು, ಏನೇನು ಸಿಕ್ಕಿಲ್ಲ ನನಗೆ. ಅಣ್ಣನ ಷರ್ಟಿನ ಜೇಬಿನಲ್ಲಿ ನಮ್ಮದೇ ಲಾಂಡ್ರಿ ಚೀಟಿಯಲ್ಲಿ ಸುತ್ತಿದ ಎರಡು ಹಳದಿ ಮಾತ್ರೆ ಸಿಕ್ಕವು. ಬೆವರಿಗೆ ಅಂಚು ಕರಗಿ ಬಟ್ಟೆಗೆ ಅಂಟಿದ್ದವು. ಇವೆರಡೇ ಇರಲಾರವು ಎನ್ನಿಸಿತು. ನೇರ ಇಸ್ತ್ರಿ ಮೇಜಿಗೆ ಹೋಗಿ, ಅವನು ಉದುರಿದ ಗುಂಡಿ ಹೊಲಿಯಲು ಇಟ್ಟುಕೊಂಡಿರುವ ಡಬ್ಬಿಯನ್ನು ಬೋರಲು ಹಾಕಿದೆ. ಬಿಳಿ ಗುಂಡಿ, ಕರಿ ಗುಂಡಿ, ನಡುವೆ ಇಪ್ಪತ್ತೊಂದು ಮಾತ್ರೆ.

ಮಂಚದ ಮೇಲೆ ಅವನ ಮುಂದೆ ಸುರಿದು, ಇದೇನೋ ಅಣ್ಣಾ ಎಂದೆ. ಸಿಕ್ಕಿಬಿದ್ದ ಮಗುವಿನ ಹಾಗೆ ನಕ್ಕ. ‘ರೋಗ ಇಳಿದ್ರೆ ತಮ್ಮನನ್ನ ಮತ್ತೆ ಕರೀತೀರಿ. ಅವನು ಬೇಡ ಅಂದಿದ್ದಾನೆ. ಇಳೀದಿದ್ರೆ ಯಾರನ್ನೂ ಕರೆಯೋ ಹಾಗಿಲ್ಲವಲ್ಲ’ ಎಂದ. ಮತ್ತೆ ಎಸೆಯದೆ ಇಟ್ಟುಕೊಂಡಿದ್ದು ಏಕೆ ಎಂದರೆ, ‘ಒಳ್ಳೆ ಮಾತ್ರೆ, ಬೇರೆ ಯಾರಿಗಾದ್ರೂ ಆಗುತ್ತೆ’ ಅಂತೆ! ತ್ಯಾಗವಂತೆ, ದೊಡ್ಡತನವಂತೆ. ಥೂ! ಇಷ್ಟು ಹೊಲಸು ಒಳ್ಳೆಯತನವನ್ನು ನಾನು ನನ್ನ ಜನ್ಮದಲ್ಲಿ ನೋಡಿಲ್ಲ. ಹೊರಗೆ ನೀಟಾಗಿ ಮಡಿಸಿ, ಒಳಗೆ ಕಲೆ ಬಚ್ಚಿಟ್ಟ ಆ ಆಸ್ಪತ್ರೆಯ ಹೊದಿಕೆಗಿಂತ ಕಡೆ. ಹಾಗೇ ಅವನ ಮುಖಕ್ಕೆ ಹೇಳಿದೆ. ನಮ್ಮಿಬ್ಬರನ್ನೂ ಬೆನ್ನ ಮೇಲೆ ಹೊತ್ತು ಬೆಳೆಸಿದವನಿಗೆ ಹಾಗೆ ಅಂದೆ. ಅವನು ಗೋಡೆ ಕಡೆ ತಿರುಗಿಕೊಂಡ. ನಾನು ಹೊರಗೆ ಬಂದು ಕೈಗೆ ಸಿಕ್ಕಿದ ಬಟ್ಟೆಯನ್ನೆಲ್ಲ ಮೆಷಿನ್ನಿಗೆ ತುರುಕಿದೆ, ಟೈಲರ್ ಅಂಗಡಿಯ ಬಿಳಿ ಪರದೆಗಳ ಜೊತೆ ಯಾರದ್ದೋ ಕೆಂಪು ಬನಿಯನ್ನೂ ಹೋಯಿತು. ಈಗ ಪರದೆಯೆಲ್ಲ ಗುಲಾಬಿ. ಹೋಗಲಿ, ಆ ಟೈಲರಿಗೆ ಹಾಗೇ ಆಗಬೇಕು.

ಇವತ್ತು ಬೆಳಿಗ್ಗೆ ಡಬ್ಬಿಯನ್ನೇ ತೆಗೆದುಕೊಂಡು ಡಾಕ್ಟರಮ್ಮನ ಹತ್ತಿರ ಹೋದೆ. ಅವರು ಗುಂಡಿಗಳನ್ನು ಪಕ್ಕಕ್ಕೆ ಸರಿಸಿ ಮಾತ್ರೆಗಳನ್ನು ಎಣಿಸಿದರು. ಎಣಿಸಿ ಮುಗಿಯುವಷ್ಟರಲ್ಲಿ ಅವರ ಕುತ್ತಿಗೆಯೆಲ್ಲ ಕೆಂಪಾಗಿತ್ತು. ನನ್ನನ್ನು ಚೆನ್ನಾಗಿ ಬೈದರು, ಬೈಯಿಸಿಕೊಂಡೆ. ಆಮೇಲೆ, ‘ಹಾಗಾದ್ರೆ ಈ ಔಷಧಿ ಸೋತಿಲ್ಲಮ್ಮ, ಅದನ್ನ ನಾವಿನ್ನೂ ಸರಿಯಾಗಿ ಕೊಟ್ಟೇ ಇಲ್ಲ’ ಎಂದರು. ಗೆಲ್ಲುತ್ತದೆ ಎಂದು ಮಾತು ಕೊಡಲಿಲ್ಲ. ಜ್ವರ ಇಳಿದರೆ ಸೋಮವಾರ ಮತ್ತೆ ಸೇರಿಸಿಕೊಂಡು, ಮೊದಲಿನಿಂದ, ಸಣ್ಣ ಪ್ರಮಾಣದಿಂದ ಶುರು ಮಾಡುತ್ತಾರಂತೆ. ಒಂದೇ ಮಾತು ಹೇಳಿದರು: ಬಾಯಿ ಬಿಗಿದುಕೊಂಡವನಿಗೆ ಬಲವಂತವಾಗಿ ನುಂಗಿಸಲು ಅವರಿಂದ ಆಗುವುದಿಲ್ಲ. ಬಂದು ಅಣ್ಣನಿಗೆ ಹೇಳಿದೆ. ‘ಆಸ್ಪತ್ರೆಗೆ ಬರ್ತೀನಿ, ಮಾತ್ರೆ ಮಾತ್ರ ಬೇಡ’ ಎಂದ. ನನಗೆ ಸಾಕಾಗಿ ಹೋಗಿದೆ, ಮರಿ. ಬೈಯುವುದಕ್ಕೂ ಉಸಿರಿಲ್ಲ.

ನಿನ್ನ ಮೈ ನೋಡಿಕೋ. ಸೊಂಟಕ್ಕೆ ಬಿಸಿನೀರಿನ ಚೀಲ ಇಟ್ಟುಕೋ, ತಾತ್ಸಾರ ಮಾಡಬೇಡ. ನಿನ್ನ ಆಯಸ್ಸು ಗಟ್ಟಿಯಾಗಿರಲಿ, ಕೈಗೆ ಗಾಯವಾಗದಿರಲಿ. ಅಣ್ಣನೂ ನೆನಪು ತಿಳಿಸಿದ್ದಾನೆ ಎಂದು ಬರೆಯಬೇಕು, ಆದರೆ ಈ ಪತ್ರ ಬರೆಯುತ್ತಿರುವುದು ಅವನಿಗೆ ಗೊತ್ತಿಲ್ಲ.

ಇಂತಿ ಬೈಯುತ್ತಲೇ ಹರಸುವ,
ನಿನ್ನ ಅಕ್ಕ

ಮರೆತ ಮಾತು: ಕಂಡಕ್ಟರ್ ಬಾಗಿಲಲ್ಲೇ ನಿಂತಿದ್ದಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಬಿಳಿ ರಕ್ತಕಣದ ಮಾತು ಈಗ ಬೇಡ. ಆ ದಿನ ಬರುತ್ತದೋ ಇಲ್ಲವೋ. ಬಂದಾಗ ನೀನು ಆಗುವುದಿಲ್ಲ ಎಂದರೂ ನಾನು ನಿನ್ನನ್ನು ಕೆಟ್ಟವನು ಎನ್ನುವುದಿಲ್ಲ, ಆಣೆ. ಸೋಮವಾರ ಮಧ್ಯಾಹ್ನ ಎರಡೂವರೆಗೆ ನರ್ಸಮ್ಮ ಮಾತ್ರೆ ತರುತ್ತಾರೆ. ಆ ಹೊತ್ತಿಗೆ ಫೋನ್ ಮಾಡು. ದೊಡ್ಡ ಮಾತೇನೂ ಬೇಡ, ‘ಅಣ್ಣಾ, ಮಾತ್ರೆ ತಗೊಂಡ್ಯಾ’ ಎಂದು ಕೇಳು ಸಾಕು. ನಿನ್ನ ಬಾಯಿಂದಲೇ ಅವನು ಕೇಳಬೇಕು. ಫೋನನ್ನು ಅವನ ದಿಂಬಿನ ಮೇಲೆ ಇಟ್ಟಿರುತ್ತೇನೆ. ಈ ಸಲ ಬೇಕೆಂದೇ ಸ್ಪೀಕರ್ ಹಾಕಿರುತ್ತೇನೆ.