ಮಂಚದ ಕಾಲಿಗೆ ಅಂಟಿಸಿದ ಬಿಲ್ಲೆ

ಪೂಜ್ಯ ಅತ್ತೆಯವರಿಗೆ, ಸೊಸೆಯ ನಮಸ್ಕಾರಗಳು.

ನಿಮ್ಮ ಬೆನ್ನುನೋವಿನ ಎಣ್ಣೆ ಇಲ್ಲೇ ಉಳಿದಿತ್ತು, ಕಳಿಸಿದ್ದೇನೆ.

ನಿಮ್ಮ ಮಂಚದ ಕಾಲಿಗೆ ಕಂಪನ ಅಳೆಯುವ ಬಿಲ್ಲೆ ಅಂಟಿಸಿದಾಗ “ಇದೇನಮ್ಮಾ?” ಎಂದಿರಿ. “ಮಂಚ ಅಲ್ಲಾಡುತ್ತಾ ಅಂತ ನೋಡ್ತಿದ್ದೀನಿ” ಎಂದು ಸುಳ್ಳು ಹೇಳಿದೆ. ಸದ್ದಿಗೆ ಎದುರುಸದ್ದು ಹೊರಡಿಸಿ ಅಡಗಿಸುವ ನನ್ನ ಯಂತ್ರದ ಪ್ರದರ್ಶನಕ್ಕೆ ನಿಮ್ಮನ್ನೂ ಕರೆದೊಯ್ದು, ನಾನು ಸಭೆಗೆ ಕೇಳಿಸಿದ್ದು ಆ ಬಿಲ್ಲೆ ಹಿಡಿದಿಟ್ಟ ನಿಮ್ಮದೇ ಗೊರಕೆ. ಎಲ್ಲರ ಜೊತೆ ನೀವೂ ನಕ್ಕಿರಿ. “ಪಾಪ, ಯಾರದಮ್ಮಾ ಅದು?” ಎಂದು ಕೇಳಿದಿರಿ. ಪಕ್ಕದಲ್ಲಿದ್ದ ನಿಮ್ಮ ಮಗ ತಲೆ ತಗ್ಗಿಸಿದ್ದು ನಿಮ್ಮ ಕಣ್ಣಿಗೆ ಬಿತ್ತು.

ಈಗ ನಿಮ್ಮ ಮಗಳ ಮನೆಯಲ್ಲಿ ಎಲ್ಲರೂ ನಿದ್ದೆಹೋಗುವವರೆಗೆ ಕುರ್ಚಿಯಲ್ಲೇ ಕೂತಿರುತ್ತೀರಂತೆ. ಬಂದು ಮುಖ ತೋರಿಸಲು ನನಗೆ ಧೈರ್ಯವಿಲ್ಲ. ಎಣ್ಣೆ ಹಚ್ಚಿಕೊಂಡು, ದಯವಿಟ್ಟು, ಎಲ್ಲರಿಗಿಂತ ಮೊದಲು ಮಲಗಿ.

ನಿಮ್ಮ ಸೊಸೆ