ನೈಬೋರ್ ಹುಡುಕಲು ಸಫಾರಿ

ಪರ್ಮುವಾತ್ ಅಣ್ಣ,

ನಮ್ಮ ಹಸು ನೈಬೋರ್, ವನ್ಯಧಾಮದೊಳಗೆ ನುಗ್ಗಿ ನಾಲ್ಕು ದಿನವಾಯಿತು. ದನ ಹುಡುಕುವವರನ್ನು ಒಳಗೆ ಬಿಡುವುದಿಲ್ಲ, ಪ್ರವಾಸಿಗಳನ್ನು ಬಿಡುತ್ತಾರೆ. ಇವತ್ತು ಊರಿನವರಿಗೆ ಸಫಾರಿ ಪುಕ್ಕಟೆ. ಅದಕ್ಕೇ ಪ್ರವಾಸಿಯಾಗಿ ಹೋಗುತ್ತಿದ್ದೇನೆ. ನಮ್ಮವರ ಕೆಂಪು ಶುಕಾ ಬಟ್ಟೆ ಹೊದ್ದರೆ ಗೇಟಿನಲ್ಲೇ ದನಗಾಹಿ ಎನ್ನುತ್ತಾರೆ, ನಿನ್ನ ಟೋಪಿ ಒಯ್ದಿದ್ದೇನೆ. ಬೈಯಬೇಡ.

ಯಾವ ಪ್ರಾಣಿ ನೋಡಬೇಕೆಂದು ಅರ್ಜಿಯಲ್ಲಿ ಕೇಳಿದ್ದರು. ‘ಬಿಳಿ ಹಸು, ಎಡಗೊಂಬು ಮುರಿದಿದೆ’ ಎಂದು ಬರೆದೆ. ಗೈಡ್ ಫೋನ್ ಮಾಡಿದ: “ತಂಗೀ, ಆನೆ ತೋರಿಸ್ತೀನಿ, ಸಿಂಹಾನೂ ತೋರಿಸ್ತೀನಿ. ಹಸು ಕಾಣುತ್ತೆ ಅಂತ ಮಾತ್ರ ಮಾತು ಕೊಡಲ್ಲ.” ಸಿಂಹ ಆಮೇಲೆ, ಮೊದಲು ಹಸು ಎಂದೆ.

ಕರು ಅಂಬಾ ಎನ್ನುತ್ತಲೇ ಇದೆ, ಬಾಟಲಿಯಲ್ಲಿ ಹಾಲು ಕುಡಿಸು.

ನೈಬೋರ್ ತಾನಾಗಿ ಮನೆಗೆ ಬಂದರೆ ಕರುವನ್ನು ಬಿಡು, ಆದರೆ ಸಂಜೆಯವರೆಗೆ ನನಗೆ ತಿಳಿಸಬೇಡ. ಆ ಚಾವಣಿಯಿಲ್ಲದ ಸಫಾರಿ ಜೀಪಿನಲ್ಲಿ ನಾನು ಒಮ್ಮೆಯೂ ಕೂತಿಲ್ಲ.

ನಸೇರಿಯಾನ್